ಅಣೆಕಟ್ಟೆ ಯೋಜನೆಯ ತೀರ್ಮಾನದಲ್ಲಿ ಜನರ ಮಾತು ದಾಖಲೆಗೆ ಸೇರುವ ಬಗೆ: ಪಂಚಾಯಿತಿಗಳಿಗೂ ಸ್ಥಳೀಯ ಸಂಘಗಳಿಗೂ ಒಂದು ಕೈಪಿಡಿ

ಲಿಂಗನಮಕ್ಕಿ ಅಣೆಕಟ್ಟೆ 1964ರಲ್ಲಿ ಮುಗಿದು ಶರಾವತಿಯ ಹಿನ್ನೀರು ಕಣಿವೆಯನ್ನು ತುಂಬಿಕೊಂಡ ಕಾಲಕ್ಕೆ, ಮುಳುಗಡೆಯಾಗುವ ಊರಿನವರನ್ನು ಒಂದೆಡೆ ಕೂರಿಸಿ ಅವರ ಅಹವಾಲನ್ನು ಕೇಳಿಯೇ ಮುಂದುವರಿಯಬೇಕೆಂಬ ಪರಿಸರ ನಿಯಮ ನಮ್ಮಲ್ಲಿ ಇರಲಿಲ್ಲ. ಅಂಥ ಸಭೆ ಕಡ್ಡಾಯವಾದದ್ದು 1997ರಲ್ಲಿ, 1994ರ ಪರಿಸರ ಅಧಿಸೂಚನೆಗೆ ತಂದ ತಿದ್ದುಪಡಿಯಿಂದ. ಈಗ ನಡೆಯುತ್ತಿರುವುದೆಲ್ಲ 2006ರ ಸೆಪ್ಟೆಂಬರ್ 14ರ ಅಧಿಸೂಚನೆ ಮತ್ತು ಅದರ ತಿದ್ದುಪಡಿಗಳ ಪ್ರಕಾರ. ಕಾನೂನು ಬಾಗಿಲು ತೆರೆದಿದೆಯೆಂಬುದು ನಿಜವಾದರೂ, ಆ ಸಭೆಯ, ಅಂದರೆ ಸಾರ್ವಜನಿಕ ಆಲಿಕೆಯ, ನೋಟಿಸು ಊರಿಗೆ ತಲುಪುವ ಹೊತ್ತಿಗೆ ಅಣೆಕಟ್ಟೆಯ ಜಾಗ, ಅದರ ಎತ್ತರ, ನೀರು ನಿಲ್ಲುವ ಮಟ್ಟ, ಕಾಲುವೆಯ ದಾರಿ ಎಲ್ಲವೂ ಕಡತದಲ್ಲಿ ಗಟ್ಟಿಯಾಗಿಬಿಟ್ಟಿರುತ್ತವೆ. ಹೀಗಾಗಿ ಆ ಒಂದು ದಿನ ವೇದಿಕೆಯ ಮುಂದೆ ನಿಂತು ಎಷ್ಟು ಆವೇಶದಿಂದ ಮಾತಾಡಿದರೂ ಅದಕ್ಕೆ ಸಿಗುವ ಫಲ ಕಡಿಮೆ. ಸಭೆಗೆ ಹಿಂದಿನ ತಿಂಗಳುಗಳಲ್ಲಿ ಊರು ಏನನ್ನು ಸಿದ್ಧಪಡಿಸಿಕೊಂಡಿತು, ಸಭೆಯ ನಡಾವಳಿಯಲ್ಲಿ ಯಾವ ಮಾತು ಬರಹಕ್ಕೆ ಬಂತು, ಆ ಬರಹವನ್ನು ಮುಂದಿನ ಕಚೇರಿಗಳವರೆಗೆ ಯಾರು ಬೆನ್ನುಹತ್ತಿದರು ಎಂಬುದರ ಮೇಲೆ ಬಹುಪಾಲು ನಿಂತಿದೆ.

ಈ ಕೈಪಿಡಿ ಅಣೆಕಟ್ಟೆ ಬೇಕು ಎನ್ನುವವರಿಗೂ ಬೇಡ ಎನ್ನುವವರಿಗೂ ಸಮಾನವಾಗಿ ಉಪಯೋಗಕ್ಕೆ ಬರಬೇಕೆಂಬ ಉದ್ದೇಶದಿಂದ ಬರೆದದ್ದು. ಅಚ್ಚುಕಟ್ಟಿನಲ್ಲಿ ನೀರಿಗಾಗಿ ಕಾದು ಕುಳಿತ ರೈತನೂ ಹಿನ್ನೀರಿನಲ್ಲಿ ಮನೆ ಕಳೆದುಕೊಳ್ಳುವ ಕುಟುಂಬವೂ ಒಂದೇ ಯೋಜನೆಯ ಬಾಧ್ಯಸ್ಥರು. ಇಬ್ಬರಲ್ಲಿ ಒಬ್ಬರ ಮಾತು ಮಾತ್ರ ದಾಖಲಾದರೆ ತೀರ್ಮಾನ ಮುಂದೆ ನ್ಯಾಯಾಲಯದಲ್ಲಿಯೋ ಊರಿನ ಜಗಲಿಯಲ್ಲಿಯೋ ಬಿರುಕು ಬಿಡುತ್ತದೆ.

ಮೊದಲು ತಿಳಿಯಬೇಕಾದದ್ದು: ಯೋಜನೆ ಯಾವ ತಲೆಬರಹದಡಿ ಬಂದಿದೆ

ಯೋಜನೆಯ ಹೆಸರು ಕಿವಿಗೆ ಬಿದ್ದೊಡನೆ ಕೇಳಬೇಕಾದ ಪ್ರಶ್ನೆ, ಅದನ್ನು ಯಾವ ಬಗೆಯ ಯೋಜನೆಯೆಂದು ಮಂಡಿಸಲಾಗಿದೆ ಎಂಬುದು. ಜನರಿಗೆ ಸಿಗುವ ಅವಕಾಶ ಇದನ್ನೇ ಅವಲಂಬಿಸಿದೆ. ದೊಡ್ಡ ಜಲವಿದ್ಯುತ್ ಯೋಜನೆಗಳಿಗೆ ಪರಿಸರ ಅನುಮತಿ ಕೊಡುವುದು ದೆಹಲಿಯ ಪರಿಸರ ಸಚಿವಾಲಯ. 25 ಮೆಗಾವಾಟ್‌ನಿಂದ ಮೇಲಿನ ಮಧ್ಯಮ ಗಾತ್ರದವು ರಾಜ್ಯಮಟ್ಟದ ಪ್ರಾಧಿಕಾರದ ಮುಂದೆ ಬರುತ್ತವೆ. 25 ಮೆಗಾವಾಟ್‌ಗಿಂತ ಕಡಿಮೆಯವಕ್ಕೆ ಈ ಅನುಮತಿಯ ಅಗತ್ಯವೇ ಇಲ್ಲ, ಆದ್ದರಿಂದ ಅದರ ಭಾಗವಾದ ಆಲಿಕೆಯೂ ಇಲ್ಲ. ಪಶ್ಚಿಮ ಘಟ್ಟದ ಹೊಳೆಗಳ ಮೇಲಿನ ಕಿರು ಜಲವಿದ್ಯುತ್ ಪ್ರಸ್ತಾವಗಳಲ್ಲಿ 24.75 ಎಂಬ ಅಂಕಿ ಏಕೆ ಕಾಣಿಸಿಕೊಳ್ಳುತ್ತದೆಂದು ಓದುಗರೇ ಊಹಿಸಿಕೊಳ್ಳಬಹುದು.

ನೀರಾವರಿ ಯೋಜನೆಗಳಿಗೆ ಅಚ್ಚುಕಟ್ಟಿನ ವಿಸ್ತೀರ್ಣವೇ ಅಳತೆಗೋಲು. ಹಳೆಯ ಕಾಲುವೆಗಳ ಆಧುನೀಕರಣಕ್ಕೆ ಆಲಿಕೆಯಿಂದ ವಿನಾಯಿತಿಯಿದೆ. ಕುಡಿಯುವ ನೀರಿನ ಯೋಜನೆಯೆಂದು ಮಂಡಿಸಿದ್ದಾದರೆ ಅಧಿಸೂಚನೆಯೇ ಅನ್ವಯಿಸುವುದಿಲ್ಲ. ಸಕಲೇಶಪುರದ ಘಟ್ಟದ ಹಳ್ಳಗಳಿಂದ ಪೂರ್ವದ ಬರಡು ಜಿಲ್ಲೆಗಳಿಗೆ ನೀರು ಒಯ್ಯುವ ಎತ್ತಿನಹೊಳೆ ಯೋಜನೆಯ ವಿಷಯದಲ್ಲಿ ಇದೇ ವಾದ ಮುಂದಿಟ್ಟಾಗ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲಿ ಅದನ್ನು ಒಪ್ಪಿತು. ತಲೆಬರಹವೇ ತಪ್ಪು ಎಂಬ ಆಕ್ಷೇಪವಿದ್ದರೆ ಅದನ್ನು ಎತ್ತಬೇಕಾದದ್ದು ಪ್ರಸ್ತಾವದ ಹಂತದಲ್ಲಿ. ಕಾಮಗಾರಿ ಅರ್ಧ ಮುಗಿದ ಮೇಲೆ ಎತ್ತಿದ ಆಕ್ಷೇಪಕ್ಕೆ ಬಲ ಬಹಳ ಕಡಿಮೆ.

ಪರಿಸರ ಅಧಿಸೂಚನೆಯಲ್ಲದೆ ಜನರ ಮಾತಿಗಿರುವ ಎರಡನೆಯ ಬಾಗಿಲು 2014ರ ಜನವರಿ 1ರಂದು ಜಾರಿಗೆ ಬಂದ 2013ರ ಭೂಸ್ವಾಧೀನ ಕಾಯ್ದೆಯದು. ಜಮೀನು ಪಡೆಯುವ ಮುನ್ನ ಸಾಮಾಜಿಕ ಪರಿಣಾಮ ಅಧ್ಯಯನ ನಡೆಸಿ, ಅದರ ಮೇಲೆ ಪೀಡಿತ ಪ್ರದೇಶದಲ್ಲಿಯೇ ಸಾರ್ವಜನಿಕ ಆಲಿಕೆ ನಡೆಸಬೇಕೆಂದು ಅದು ಹೇಳುತ್ತದೆ. ಆದರೆ ಅದರ 6ನೆಯ ಕಲಮಿನಲ್ಲಿ ಒಂದು ಪರಂತುಕ, ಅಂದರೆ ವಿನಾಯಿತಿ ಹೇಳುವ ಸಾಲು, ಇದೆ: ಬೇರೊಂದು ಕಾನೂನಿನಡಿ ಪರಿಸರ ಪರಿಣಾಮ ಅಧ್ಯಯನ ಬೇಕಾಗುವ ನೀರಾವರಿ ಯೋಜನೆಗಳಿಗೆ ಸಾಮಾಜಿಕ ಪರಿಣಾಮ ಅಧ್ಯಯನದ ವಿಧಿಗಳು ಅನ್ವಯಿಸುವುದಿಲ್ಲ. ಎಂದರೆ ದೊಡ್ಡ ನೀರಾವರಿ ಅಣೆಕಟ್ಟೆಯ ಮಟ್ಟಿಗೆ, ಯೋಜನೆ ಬೇಕೇ ಬೇಡವೇ ಎಂಬ ಹಂತದಲ್ಲಿ ಊರಿನವರಿಗೆ ದೊರೆಯುವ ಸಾರ್ವಜನಿಕ ಸಭೆ ಬಹುಮಟ್ಟಿಗೆ ಪರಿಸರ ಆಲಿಕೆಯೊಂದೇ. ‘ಇದು ಪರಿಸರದ ಸಭೆ, ಪುನರ್ವಸತಿಯ ವಿಷಯ ಇನ್ನೊಂದು ಸಭೆಯಲ್ಲಿ ಮಾತಾಡೋಣ’ ಎಂದು ಯಾರಾದರೂ ಹೇಳಿದರೆ ಈ ಪರಂತುಕವನ್ನು ಲಿಖಿತವಾಗಿ ತೋರಿಸಿ, ಮನೆ, ಜಮೀನು, ಜೀವನೋಪಾಯದ ಪ್ರಶ್ನೆಗಳನ್ನು ಅಲ್ಲಿಯೇ ದಾಖಲಿಸಬೇಕೆಂದು ಕೇಳುವುದು ಅಗತ್ಯ.

ಮೂರನೆಯದು 2006ರ ಅರಣ್ಯ ಹಕ್ಕು ಕಾಯ್ದೆ. ಕಾಡಿನಲ್ಲಿ ಸಾಗುವಳಿ ಮಾಡುವವರ, ಕಾಡಿನ ಉತ್ಪನ್ನ ನಂಬಿದವರ ಹಕ್ಕುಗಳ ಪರಿಶೀಲನೆ ಮುಗಿಯುವ ತನಕ ಅವರನ್ನು ಒಕ್ಕಲೆಬ್ಬಿಸುವಂತಿಲ್ಲ, ಮತ್ತು ಆ ಪರಿಶೀಲನೆಯನ್ನು ಆರಂಭಿಸುವ ಅಧಿಕಾರ ಗ್ರಾಮಸಭೆಯದು. ಈ ಸಭೆಯಲ್ಲಿ ಸದಸ್ಯರ ಅರ್ಧದಷ್ಟಾದರೂ ಹಾಜರಿರಬೇಕು, ಹಾಜರಿದ್ದವರಲ್ಲಿ ಮೂರನೆಯ ಒಂದು ಭಾಗ ಮಹಿಳೆಯರಿರಬೇಕು. ಅರಣ್ಯ ಹಕ್ಕಿನ ಅರ್ಜಿಗಳನ್ನು ಯೋಜನೆಯ ಸುದ್ದಿ ಬರುವ ಮುನ್ನವೇ ಸಲ್ಲಿಸಿದ ಊರಿಗೂ ಸುದ್ದಿ ಬಂದ ಮೇಲೆ ಓಡಾಡಿದ ಊರಿಗೂ ಬಹಳ ಅಂತರವಿದೆ. ಕೇರಳದ ಚಾಲಕುಡಿ ಹೊಳೆಯ ಅತಿರಪಿಳ್ಳಿ ಯೋಜನೆಗೆ ಎದುರಾದ ವಾಳಚ್ಚಾಲಿನ ಕಾಡರ್ ಸಮುದಾಯದವರು ತಮ್ಮ ಸಮುದಾಯ ಅರಣ್ಯ ಹಕ್ಕನ್ನು ಪಡೆದುಕೊಂಡದ್ದರಿಂದ ಅವರ ಮಾತಿಗೆ ಕಾನೂನಿನ ಬೇರು ಸಿಕ್ಕಿತು.

ಯಾರನ್ನೆಲ್ಲ ಕರೆಯಬೇಕು

ಪಹಣಿಯಲ್ಲಿ ಹೆಸರಿರುವವರ ಪಟ್ಟಿ ಮಾಡುವುದು ಸುಲಭ, ತಹಸೀಲ್ದಾರ್ ಕಚೇರಿಯಲ್ಲೇ ಅದು ಸಿಗುತ್ತದೆ. ಕಷ್ಟವಿರುವುದು ಹೆಸರಿಲ್ಲದವರನ್ನು ಹುಡುಕುವುದರಲ್ಲಿ. 2013ರ ಕಾಯ್ದೆ ‘ಪೀಡಿತ ಕುಟುಂಬ’ದ ವ್ಯಾಖ್ಯೆಯಲ್ಲಿ ಭೂಮಾಲೀಕರ ಜೊತೆಗೆ, ಸ್ವಾಧೀನಕ್ಕೆ ಮುಂಚಿನ ಮೂರು ವರ್ಷಗಳಿಂದ ಆ ಪ್ರದೇಶದಲ್ಲಿ ದುಡಿದು ಬದುಕಿದ ಕೃಷಿ ಕೂಲಿಕಾರರು, ಗೇಣಿದಾರರು, ಕುಶಲಕರ್ಮಿಗಳು, ಕಾಡಿನ ಉತ್ಪನ್ನ ಸಂಗ್ರಹಿಸುವವರು, ಮೀನುಗಾರರು, ದೋಣಿ ನಡೆಸುವವರು ಇವರನ್ನೂ ಸೇರಿಸುತ್ತದೆ. ಇಷ್ಟು ವಿಶಾಲವಾದ ವ್ಯಾಖ್ಯೆಯಿದ್ದೂ ಇವರ ಹೆಸರು ಪಟ್ಟಿಗೆ ಬರದಿರುವುದಕ್ಕೆ ಮುಖ್ಯ ಕಾರಣ, ಇವರಲ್ಲಿ ಬಹುಮಂದಿ ಸಭೆಗೆ ಬಂದರೆ ಆ ದಿನದ ಕೂಲಿ ತಪ್ಪುತ್ತದೆ ಎಂಬುದು. ಪಂಚಾಯಿತಿಯು ಕೇರಿಕೇರಿಗೆ ಹೋಗಿ ಸಂಜೆಯ ಹೊತ್ತು ಸಣ್ಣ ಸಭೆಗಳನ್ನು ನಡೆಸಿ, ಪಡಿತರ ಚೀಟಿ, ಮತದಾರರ ಪಟ್ಟಿ, ಉದ್ಯೋಗ ಖಾತರಿಯ ಜಾಬ್ ಕಾರ್ಡ್ ಇವುಗಳಿಂದ ಮೂರು ವರ್ಷದ ವಾಸಕ್ಕೆ ಸಾಕ್ಷ್ಯ ಜೋಡಿಸಿಟ್ಟರೆ ಅರ್ಧ ಕೆಲಸ ಆದಂತೆ. ಬಗರ್ ಹುಕುಂ ಸಾಗುವಳಿದಾರರು, ಗೋಮಾಳ ನಂಬಿದ ದನಗಾಹಿಗಳು, ಮಲೆನಾಡಿನಲ್ಲಾದರೆ ತೋಟಕ್ಕೆ ಸೊಪ್ಪು ತರುವ ಬೆಟ್ಟದ ಮೇಲೆ ಹಕ್ಕಿರುವವರು ಪ್ರತ್ಯೇಕವಾಗಿ ಪಟ್ಟಿಯಾಗಬೇಕು.

ಮಹಿಳೆಯರನ್ನು ಪ್ರತ್ಯೇಕವಾಗಿ ಕೇಳುವುದು ಅನಿವಾರ್ಯ. ಗಂಡಸರು ತುಂಬಿದ ಸಭೆಯಲ್ಲಿ ಪರಿಹಾರದ ಮೊತ್ತವೇ ಮಾತಿನ ಕೇಂದ್ರವಾಗುತ್ತದೆ. ಸ್ವಸಹಾಯ ಸಂಘದ ಹೆಂಗಸರು ಕೂತಾಗ ಹೊಸ ಊರಿನಲ್ಲಿ ಕುಡಿಯುವ ನೀರು ಎಲ್ಲಿಂದ, ಸೌದೆ ಎಲ್ಲಿಂದ, ಪರಿಹಾರದ ಹಣ ಯಾರ ಖಾತೆಗೆ ಬೀಳುತ್ತದೆ, ಮಕ್ಕಳ ಶಾಲೆ ಎಷ್ಟು ದೂರ ಎಂಬ ಪ್ರಶ್ನೆಗಳು ಹೊರಬರುತ್ತವೆ, ಮತ್ತು ಪುನರ್ವಸತಿ ಕೇಂದ್ರಗಳು ಸೋಲುವುದು ಬಹುತೇಕ ಈ ಪ್ರಶ್ನೆಗಳಿಗೆ ಉತ್ತರವಿಲ್ಲದೆಯೇ.

ಅಣೆಕಟ್ಟೆಯ ಕೆಳಗಿನ ಊರುಗಳನ್ನು ಮರೆಯುವುದು ವಾಡಿಕೆಯಾಗಿದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೆಯ ಕ್ರಸ್ಟ್‌ಗೇಟ್ ಕೊಚ್ಚಿಹೋದಾಗ ಆತಂಕಕ್ಕೊಳಗಾದವರು ನದಿಯ ಕೆಳಹರಿವಿನ ದಡದವರು ಮತ್ತು ತುಂಬಿದ ಜಲಾಶಯವನ್ನು ನೆಚ್ಚಿ ಕೂತ ಅಚ್ಚುಕಟ್ಟಿನವರು. ಹೊಸ ಯೋಜನೆಯಲ್ಲಿ ಬೇಸಿಗೆಯಲ್ಲಿ ಎಷ್ಟು ನೀರು ಕೆಳಕ್ಕೆ ಬಿಡುತ್ತಾರೆ, ಗೇಟು ತೆರೆಯುವ ಮುನ್ಸೂಚನೆ ಯಾರಿಗೆ ಯಾವ ವಿಧಾನದಲ್ಲಿ ತಲುಪುತ್ತದೆ ಎಂದು ಕೇಳುವ ಹಕ್ಕು ಇವರಿಗಿದೆ. ಸ್ಥಳಾಂತರಗೊಂಡವರು ಬಂದು ನೆಲೆಸುವ ಊರಿನವರನ್ನೂ ಕೇಳಬೇಕು. ಅವರ ಗೋಮಾಳ, ಅವರ ಕೆರೆ, ಅವರ ಶಾಲೆಯಲ್ಲಿಯೇ ಹೊಸಬರಿಗೂ ಪಾಲು ಆಗುವುದರಿಂದ, ಕೇಳದೆ ಬಿಟ್ಟರೆ ವೈಮನಸ್ಯ ದಶಕಗಳ ಕಾಲ ಉಳಿಯುತ್ತದೆ.

ಸಭೆಗೆ ಹಿಂದಿನ ತಿಂಗಳುಗಳು

ಪರಿಸರ ಅನುಮತಿಯ ಪ್ರಕ್ರಿಯೆಯಲ್ಲಿ ಆಲಿಕೆಗೆ ಬಹಳ ಮೊದಲೇ ಒಂದು ಹಂತ ಬರುತ್ತದೆ. ಅಧ್ಯಯನದಲ್ಲಿ ಯಾವ ಯಾವ ವಿಷಯಗಳನ್ನು ಪರಿಶೀಲಿಸಬೇಕೆಂದು ತಜ್ಞರ ಪರಿಶೀಲನಾ ಸಮಿತಿ ಒಂದು ಪಟ್ಟಿ ಕೊಡುತ್ತದೆ. ಕಚೇರಿಗಳ ಬಾಯಲ್ಲಿ ಇದು ಟಿಓಆರ್. ಈ ಹಂತದಲ್ಲಿ ಜನರ ಸಭೆ ನಡೆಸುವ ಕಟ್ಟುಪಾಡು ಇಲ್ಲದಿದ್ದರೂ, ಪ್ರಸ್ತಾವವೂ ಸಮಿತಿಯ ಸಭೆಗಳ ನಡಾವಳಿಯೂ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ಪ್ರಕಟವಾಗುತ್ತವೆ, ಮತ್ತು ಸಮಿತಿಗೆ ಪತ್ರ ಬರೆಯುವುದನ್ನು ಯಾರೂ ತಡೆಯುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಊರಿನವರು ಬರೆಯುವ ಅತ್ಯಂತ ಬೆಲೆಯುಳ್ಳ ಪತ್ರ ಇದೇ. ‘ನಮ್ಮ ಹೊಳೆಯ ಕೆಳಭಾಗದ ಮೀನುಗಾರಿಕೆಯನ್ನೂ ಅಧ್ಯಯನ ಮಾಡಿ’, ‘ಎತ್ತರ ತಗ್ಗಿಸಿದ ಪರ್ಯಾಯವನ್ನೂ ಲೆಕ್ಕ ಹಾಕಿ’, ‘ಇಂಥ ಹಳ್ಳದ ದೇವರಕಾಡನ್ನು ಸಮೀಕ್ಷೆಗೆ ಸೇರಿಸಿ’ ಎಂಬ ಬೇಡಿಕೆ ಪಟ್ಟಿಯೊಳಕ್ಕೆ ಒಮ್ಮೆ ಸೇರಿದರೆ, ವರದಿ ಬರೆಯುವ ಸಂಸ್ಥೆ ಅದಕ್ಕೆ ಉತ್ತರ ಕೊಡಲೇಬೇಕಾಗುತ್ತದೆ.

ಪರ್ಯಾಯಗಳ ಪ್ರಶ್ನೆಗೆ ಇಷ್ಟು ಒತ್ತು ಕೊಡುವುದಕ್ಕೆ ಹಿನ್ನೆಲೆಯಿದೆ. 1998ರಲ್ಲಿ ರಚನೆಯಾದ ವಿಶ್ವ ಅಣೆಕಟ್ಟೆ ಆಯೋಗ 2000ದ ನವೆಂಬರ್‌ನಲ್ಲಿ ವರದಿ ಕೊಟ್ಟಾಗ ಅದರ ಏಳು ಆದ್ಯತೆಗಳಲ್ಲಿ ಮೊದಲನೆಯದು ಸಾರ್ವಜನಿಕರ ಒಪ್ಪಿಗೆ ಪಡೆಯುವುದು, ಎರಡನೆಯದು ಎಲ್ಲ ಪರ್ಯಾಯಗಳನ್ನು ಸಮಗ್ರವಾಗಿ ತೂಗಿನೋಡುವುದು ಆಗಿತ್ತು. ಭಾರತ ಸರ್ಕಾರ ಆ ವರದಿಯನ್ನು ಒಪ್ಪಲಿಲ್ಲವಾದ್ದರಿಂದ ಅದನ್ನು ಕಾನೂನಿನಂತೆ ಉಲ್ಲೇಖಿಸಲಾಗದು. ಆದರೂ ನೀರು ಬೇಕೆಂಬ ಅಗತ್ಯವನ್ನು ಮೊದಲು ತೂಗಿ, ಆಮೇಲೆ ಅಣೆಕಟ್ಟೆಯೇ ಬೇಕೇ ಎಂದು ಕೇಳುವ ಅದರ ಕ್ರಮ ನಮ್ಮ ಮನವಿಗಳನ್ನು ಜೋಡಿಸಿಕೊಳ್ಳಲು ಒಳ್ಳೆಯ ಚೌಕಟ್ಟು.

ಊರು ತನ್ನದೇ ಅಧ್ಯಯನ ಮಾಡಿಕೊಂಡ ದೊಡ್ಡ ಉದಾಹರಣೆ ನಮ್ಮಲ್ಲಿಯೇ ಇದೆ. ಉತ್ತರ ಕನ್ನಡದ ಬೇಡ್ತಿ ಜಲವಿದ್ಯುತ್ ಯೋಜನೆಯ ಬಗ್ಗೆ 1981ರಲ್ಲಿ ಶಿರಸಿಯಲ್ಲಿ ನಡೆದ ವಿಚಾರಗೋಷ್ಠಿಯಲ್ಲಿ ಅಡಿಕೆ, ಏಲಕ್ಕಿ, ಮೆಣಸಿನ ತೋಟದವರೂ ವಿಜ್ಞಾನಿಗಳೂ ಒಟ್ಟಿಗೆ ಕೂತು ಯೋಜನೆಯ ಲಾಭನಷ್ಟವನ್ನು ಅಂಕಿ ಹಿಡಿದು ಪರಿಶೀಲಿಸಿದರು. ಮುಳುಗುವ ತೋಟದ ಬೆಲೆ, ಕಾಡಿನ ಬೆಲೆ, ಸಿಗುವ ವಿದ್ಯುತ್ತಿನ ಬೆಲೆ ಎಲ್ಲವನ್ನೂ ಎದುರುಬದುರು ಇಟ್ಟ ಆ ಚರ್ಚೆಯ ನಂತರ ಯೋಜನೆ ಹಿಂದೆ ಸರಿಯಿತು. ಆಗ ಆಲಿಕೆಯ ನಿಯಮವೇ ಇರಲಿಲ್ಲ ಎಂಬುದನ್ನು ನೆನಪಿಟ್ಟುಕೊಂಡರೆ, ನಿಯಮವಿರುವ ಈ ಕಾಲದಲ್ಲಿ ಸಿದ್ಧತೆಯಿಲ್ಲದೆ ಸಭೆಗೆ ಹೋಗುವುದಕ್ಕೆ ನೆಪ ಉಳಿಯುವುದಿಲ್ಲ.

ಊರಿನ ಅಧ್ಯಯನ ಹೇಗಿರಬೇಕು? ಜಲಾಶಯದ ಪೂರ್ಣಮಟ್ಟ, ಅಂದರೆ ಎಫ್‌ಆರ್‌ಎಲ್, ಎಷ್ಟೆಂದು ಲಿಖಿತವಾಗಿ ಪಡೆದು, ಆ ಮಟ್ಟದ ಗೆರೆ ನೆಲದ ಮೇಲೆ ಎಲ್ಲಿ ಹಾಯುತ್ತದೆಂದು ಗುರುತು ಹಾಕಿಸಿಕೊಳ್ಳುವುದು ಮೊದಲ ಕೆಲಸ. ಆಲಮಟ್ಟಿಯಲ್ಲಿ ಈಗಿನ 519.60 ಮೀಟರಿನ ಮಟ್ಟವನ್ನು, ಕೃಷ್ಣಾ ಎರಡನೆಯ ನ್ಯಾಯಮಂಡಳಿ 2010ರಲ್ಲಿ ಒಪ್ಪಿದ 524.256 ಮೀಟರಿಗೆ ಏರಿಸುವ ವ್ಯತ್ಯಾಸ ಕಾಗದದ ಮೇಲೆ ಐದು ಮೀಟರಿಗೂ ಕಡಿಮೆ. ನೆಲದ ಮೇಲೆ ಅದರ ಅರ್ಥ ಸುಮಾರು 75 ಸಾವಿರ ಎಕರೆಯ ಮುಳುಗಡೆ ಮತ್ತು ಈಗಾಗಲೇ ಒಮ್ಮೆ ನವನಗರಕ್ಕೆ ಕದಲಿದ ಬಾಗಲಕೋಟೆಯ ಇನ್ನಷ್ಟು ವಾರ್ಡುಗಳು. ಬಯಲುಸೀಮೆಯ ಸಮತಟ್ಟಿನಲ್ಲಿ ಅರ್ಧ ಮೀಟರೂ ದೊಡ್ಡದು. ಪ್ರವಾಹದ ಕಾಲದಲ್ಲಿ ನದಿಯ ಮೇಲ್ಭಾಗಕ್ಕೆ ನೀರು ಇನ್ನೂ ಮೇಲೇರಿ ನಿಲ್ಲುವುದರಿಂದ, ಗೆರೆಯಿಂದ ಸ್ವಲ್ಪ ಹೊರಗಿರುವ ಮನೆಗಳೂ ನಡುಗಡ್ಡೆಯಂತೆ ದಾರಿ ಕಳೆದುಕೊಳ್ಳುವ ಹೊಲಗಳೂ ಯಾವುವೆಂದು ಬೇರೆಯಾಗಿ ಬರೆದಿಡಬೇಕು. ಬಳಿಕ ಬೆಳೆ, ಇಳುವರಿ, ಬಾವಿ, ಕೊಳವೆಬಾವಿ, ಹಣ್ಣಿನ ಮರ, ದೇವಸ್ಥಾನ, ದರ್ಗಾ, ಸ್ಮಶಾನ, ಸಂತೆಕಟ್ಟೆ, ಹಳೆಯ ಶಾಸನ ಇವುಗಳ ಪಟ್ಟಿ ಫೋಟೋ ಸಮೇತ ಆಗಲಿ.

ದಾಖಲೆ ಸಿಗದಿದ್ದರೆ ಮಾಹಿತಿ ಹಕ್ಕು ಕಾಯ್ದೆಯಡಿ ವಿವರವಾದ ಯೋಜನಾ ವರದಿ, ಜಲವಿಜ್ಞಾನದ ಲೆಕ್ಕ, ಮುಳುಗಡೆ ನಕ್ಷೆ ಇವನ್ನು ಕೇಳಬಹುದು. ಮೂವತ್ತು ದಿನದಲ್ಲಿ ಉತ್ತರ ಬರಬೇಕು. ಕರ್ನಾಟಕದ ನಿಯಮಗಳ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು ಮತ್ತು ಅದು ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು. ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ತುರುಕಿ ತಿರಸ್ಕಾರ ತಂದುಕೊಳ್ಳುವ ಬದಲು, ಬೇರೆ ಬೇರೆ ಜನ ಬೇರೆ ಬೇರೆ ಅರ್ಜಿ ಹಾಕುವುದು ಜಾಣತನ.

ಕರಡು ವರದಿ ಕೈಗೆ ಬಂದ ಮೇಲೆ ಅದನ್ನು ಓದಲು ಒಂದು ಪುಟ್ಟ ತಂಡ ಬೇಕು. ಕನ್ನಡದಲ್ಲಿ ದೊರೆಯುವುದು ಸಾರಾಂಶ ಮಾತ್ರ. ಊರಿನ ಭವಿಷ್ಯ ಅಡಗಿರುವ ನೂರಾರು ಪುಟ ಇಂಗ್ಲಿಷಿನಲ್ಲಿರುತ್ತದೆ. ಹತ್ತಿರದ ಕಾಲೇಜಿನ ಅಧ್ಯಾಪಕರು, ನಿವೃತ್ತ ಎಂಜಿನಿಯರ್, ವಕೀಲರು, ಊರಿನ ಪದವೀಧರ ಹುಡುಗ ಹುಡುಗಿಯರು ಅಧ್ಯಾಯಗಳನ್ನು ಹಂಚಿಕೊಂಡು ಓದಿ ಊರಿಗೆ ಹೇಳಬೇಕು. ಪರ್ಯಾಯಗಳ ಅಧ್ಯಾಯದಲ್ಲಿ ನಿಜವಾದ ಹೋಲಿಕೆಯಿದೆಯೇ ಅಥವಾ ಎರಡು ಪುಟದ ಶಾಸ್ತ್ರವಷ್ಟೇ ಇದೆಯೇ ಎಂದು ನೋಡಲಿ. ಹೊಳೆಯ ನೀರು, ಮೀನು, ಸಸ್ಯ ಪ್ರಾಣಿಗಳ ಸಮೀಕ್ಷೆ ಮಳೆಗಾಲ ಸೇರಿದಂತೆ ಮೂರು ಋತುಗಳಲ್ಲಿ ನಡೆದಿದೆಯೇ ಎಂದು ದಿನಾಂಕ ಹುಡುಕಲಿ. ಸುರಂಗ ಕೊರೆದ ಮಣ್ಣು ಕಲ್ಲು ಎಲ್ಲಿ ಸುರಿಯುತ್ತಾರೆ, ಕ್ವಾರಿ ಎಲ್ಲಿ, ವಿದ್ಯುತ್ ಮಾರ್ಗ ಯಾರ ತೋಟದ ಮೇಲೆ ಹಾಯುತ್ತದೆ, ಕಾರ್ಮಿಕರ ಶಿಬಿರ ಎಲ್ಲಿ ಎಂಬವು ನಕ್ಷೆಯ ಅನುಬಂಧದಲ್ಲಿ ಸಿಗುತ್ತವೆ. ಊರಿನವರಿಗೆಲ್ಲ ಗೊತ್ತಿದ್ದು ವರದಿಯಲ್ಲಿ ಮಾತ್ರ ಇಲ್ಲದ ಸಂಗತಿ ಬಲವಾದ ಆಕ್ಷೇಪವಾಗುತ್ತದೆ. ಅರುಣಾಚಲದ ತವಾಂಗ್ ಜಿಲ್ಲೆಯ 780 ಮೆಗಾವಾಟ್ ನ್ಯಾಮ್‌ಜಾಂಗ್ ಛೂ ಯೋಜನೆಯ ವರದಿಯಲ್ಲಿ, ಅಲ್ಲಿನ ಮೋನ್ಪಾ ಜನ ಪವಿತ್ರವೆಂದು ಕಾಣುವ ಕಪ್ಪುಕತ್ತಿನ ಕೊಕ್ಕರೆ ಚಳಿಗಾಲ ಕಳೆಯುವ ತಾಣದ ಪ್ರಸ್ತಾಪವೇ ಇರಲಿಲ್ಲ; ಸ್ಥಳೀಯರ ಸಂಘಟನೆಯ ಮೇಲ್ಮನವಿಯ ಮೇಲೆ 2016ರಲ್ಲಿ ಹಸಿರು ನ್ಯಾಯಮಂಡಳಿ ಆ ಯೋಜನೆಯ ಅನುಮತಿಯನ್ನು ಅಮಾನತಿನಲ್ಲಿಟ್ಟಿತು.

ನೋಟಿಸು ಮತ್ತು ಸಭೆಯ ದಿನ

ಆಲಿಕೆಯನ್ನು ಏರ್ಪಡಿಸುವುದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ; ಅಧ್ಯಕ್ಷತೆ ಜಿಲ್ಲಾಧಿಕಾರಿಯದು ಅಥವಾ ಅಪರ ಜಿಲ್ಲಾಧಿಕಾರಿಯ ದರ್ಜೆಗೆ ಕಡಿಮೆಯಿಲ್ಲದ ಪ್ರತಿನಿಧಿಯದು. ಪತ್ರಿಕೆಗಳಲ್ಲಿ ಕನಿಷ್ಠ ಮೂವತ್ತು ದಿನ ಮುಂಚಿತವಾಗಿ ನೋಟಿಸು ಬರಬೇಕು, ಅದರಲ್ಲಿ ಒಂದು ಪ್ರಾದೇಶಿಕ ಭಾಷೆಯದಾಗಿರಬೇಕು, ಕರಡು ವರದಿ ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯಿತಿ, ಸ್ಥಳೀಯ ಸಂಸ್ಥೆಗಳು ಮುಂತಾದ ಕಡೆ ಓದಲು ಸಿಗಬೇಕು. ಯೋಜನೆ ಎರಡು ಜಿಲ್ಲೆಗೆ ಹರಡಿದ್ದರೆ ಎರಡರಲ್ಲೂ ಪ್ರತ್ಯೇಕ ಸಭೆ. ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ಉದ್ದೇಶಿಸಿರುವ 2000 ಮೆಗಾವಾಟ್ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಗೆ 2025ರ ಸೆಪ್ಟೆಂಬರ್‌ನಲ್ಲಿ ಶಿವಮೊಗ್ಗ ಜಿಲ್ಲೆಯ ಕಾರ್ಗಲ್‌ನಲ್ಲಿಯೂ ಉತ್ತರ ಕನ್ನಡದ ಗೇರುಸೊಪ್ಪೆಯಲ್ಲಿಯೂ ಬೇರೆ ಬೇರೆ ದಿನ ಆಲಿಕೆ ನಡೆದದ್ದು ಈ ಕಾರಣದಿಂದಲೇ.

ವರದಿಯ ಪ್ರತಿ ಹೇಳಿದ ಜಾಗದಲ್ಲಿ ಇರಲಿಲ್ಲವಾದರೆ, ಹೋದ ದಿನಾಂಕ ಮತ್ತು ಕಚೇರಿಯ ಹೆಸರು ಬರೆದು ಆ ವಾರದಲ್ಲೇ ಮಂಡಳಿಗೂ ಜಿಲ್ಲಾಧಿಕಾರಿಗೂ ಪತ್ರ ಕೊಟ್ಟು ಸ್ವೀಕೃತಿ ಪಡೆಯಬೇಕು. ಇದು ಕೇವಲ ಶಿಷ್ಟಾಚಾರದ ದೂರು ಎಂದು ತಿಳಿಯಬಾರದು. ಅತಿರಪಿಳ್ಳಿ ಯೋಜನೆಗೆ ಸಿಕ್ಕಿದ್ದ ಅನುಮತಿಯನ್ನು ಕೇರಳ ಹೈಕೋರ್ಟ್ 2006ರಲ್ಲಿ ರದ್ದುಮಾಡಿ, ಪರಿಸರ ವರದಿಯನ್ನು ಜನರಿಗೆ ಕೊಟ್ಟು ಹೊಸದಾಗಿ ಆಲಿಕೆ ನಡೆಸುವಂತೆ ಹೇಳಿತು. ಭತ್ತದ ಕಟಾವು, ಅಡಿಕೆ ಕೊಯ್ಲು, ಊರಹಬ್ಬದ ದಿನಕ್ಕೆ ಸಭೆ ಬಿದ್ದಿದ್ದರೆ ಮುಂದೂಡಲು ಜಿಲ್ಲಾಧಿಕಾರಿಯ ಶಿಫಾರಸು ಬೇಕು, ಹೊಸ ದಿನಾಂಕವನ್ನು ಅವೇ ಪತ್ರಿಕೆಗಳಲ್ಲಿ ಪ್ರಕಟಿಸಬೇಕು.

ಸಭೆಗೆ ಕೋರಂ, ಅಂದರೆ ಇಷ್ಟು ಜನ ಇರಲೇಬೇಕೆಂಬ ಕನಿಷ್ಠ ಸಂಖ್ಯೆ, ಇಲ್ಲ. ಹತ್ತು ಜನ ಬಂದರೂ ಸಭೆ ನಡೆದಂತೆಯೇ ಲೆಕ್ಕ. ಇದನ್ನು ಬಲ್ಲವರು ಬಹಿಷ್ಕಾರದ ಕರೆ ಕೊಡುವ ಮುನ್ನ ಎರಡು ಸಲ ಯೋಚಿಸುತ್ತಾರೆ. ಗದ್ದಲವೆಬ್ಬಿಸಿ ಸಭೆ ನಿಲ್ಲಿಸುವುದರಲ್ಲಿ ಇನ್ನೊಂದು ಅಪಾಯವಿದೆ: ಸ್ಥಳೀಯ ಪರಿಸ್ಥಿತಿಯಿಂದಾಗಿ ಜನ ಮುಕ್ತವಾಗಿ ಮಾತಾಡುವಂತೆ ಆಲಿಕೆ ನಡೆಸಲು ಸಾಧ್ಯವಿಲ್ಲವೆಂದು ವರದಿ ಹೋದರೆ, ಆಲಿಕೆಯಿಲ್ಲದೆಯೇ ಮುಂದುವರಿಯಬಹುದೆಂದು ನಿರ್ಧರಿಸುವ ಅಧಿಕಾರ ಅನುಮತಿ ಕೊಡುವ ಪ್ರಾಧಿಕಾರಕ್ಕೆ ಇದೆ. ಪ್ರತಿಭಟನೆಯನ್ನು ಪಂಡಾಲಿನ ಹೊರಗೆ ಮಾಡಿ, ಒಳಗೆ ಮಾತನ್ನು ದಾಖಲಿಸುವುದು ಎರಡನ್ನೂ ಉಳಿಸಿಕೊಳ್ಳುವ ದಾರಿ. ಆಲಿಕೆ ಮತದಾನವೂ ಅಲ್ಲ. ಸಾವಿರ ಜನ ಬೇಡವೆಂದು ಕೈಯೆತ್ತಿದರೂ ಅಷ್ಟರಿಂದಲೇ ಯೋಜನೆ ಕಾನೂನಿನ ಪ್ರಕಾರ ನಿಲ್ಲುವುದಿಲ್ಲ. ಜನ ಎತ್ತಿದ ಪ್ರತಿಯೊಂದು ವಿಷಯಕ್ಕೂ ಯೋಜನೆಯವರು ಅಂತಿಮ ವರದಿಯಲ್ಲಿ ಉತ್ತರ ಕೊಡಬೇಕೆಂಬುದೇ ಕಾನೂನು ಹೇರಿರುವ ಹೊಣೆ, ಆದ್ದರಿಂದ ಉತ್ತರ ಕೊಡಲೇಬೇಕಾದಂಥ ಪ್ರಶ್ನೆ ಕೇಳುವುದರಲ್ಲಿ ಕೌಶಲವಿದೆ. ‘ನಮ್ಮ ಬದುಕು ಹಾಳಾಗುತ್ತದೆ’ ಎಂಬ ಮಾತಿಗೆ ‘ಸೂಕ್ತ ಪರಿಹಾರ ನೀಡಲಾಗುವುದು’ ಎಂಬ ಒಂದು ಸಾಲು ಉತ್ತರ ಬರುತ್ತದೆ. ‘ವರದಿಯ ಇಂಥ ಪುಟದಲ್ಲಿ ನಮ್ಮ ಊರಿನ ಕುಟುಂಬಗಳ ಸಂಖ್ಯೆ ಇಷ್ಟೆಂದಿದೆ, ಪಂಚಾಯಿತಿಯ ಪಟ್ಟಿಯಲ್ಲಿ ಇಷ್ಟಿದೆ, ಪಟ್ಟಿ ಲಗತ್ತಿಸಿದ್ದೇವೆ, ವ್ಯತ್ಯಾಸ ಏಕೆ’ ಎಂಬ ಪ್ರಶ್ನೆಯಿಂದ ಹಾಗೆ ಜಾರಿಕೊಳ್ಳಲಾಗುವುದಿಲ್ಲ.

ಇಪ್ಪತ್ತು ಜನ ಒಂದೇ ಮಾತು ಹೇಳುವುದಕ್ಕಿಂತ ವಿಷಯ ಹಂಚಿಕೊಳ್ಳಲಿ: ಒಬ್ಬರು ಮೀನು, ಒಬ್ಬರು ಕೂಲಿ, ಒಬ್ಬರು ರಸ್ತೆ, ಒಬ್ಬರು ಹೊಳೆಯ ಕೆಳಭಾಗ. ಹೇಳಿದ್ದನ್ನೇ ಬರಹದಲ್ಲಿ ಕೊಟ್ಟು ಮುದ್ರೆ ಹಾಕಿಸಿದ ಪ್ರತಿ ಇಟ್ಟುಕೊಳ್ಳಬೇಕು. ಗ್ರಾಮಸಭೆಯ ಠರಾವು ಇದ್ದರೆ ಅದನ್ನೂ ಓದಿ ಸಲ್ಲಿಸಬೇಕು. ಬರಲಾಗದವರು ಮಂಡಳಿಗೆ ಲಿಖಿತವಾಗಿ ಕಳುಹಿಸಬಹುದು. ಸಭೆಯ ವಿಡಿಯೊ ಚಿತ್ರೀಕರಣ ಕಡ್ಡಾಯವಾದರೂ ಊರಿನವರು ತಮ್ಮದೂ ಒಂದು ಧ್ವನಿಮುದ್ರಣ ಇಟ್ಟುಕೊಂಡರೆ ಒಳಿತು.

ಅತ್ಯಂತ ಮುಖ್ಯವಾದ ಗಳಿಗೆ ಬರುವುದು ಕೊನೆಯಲ್ಲಿ, ಊಟ ಮುಗಿದು ಜನ ಬಸ್ಸಿನ ಕಡೆ ನಡೆಯುವ ಹೊತ್ತಿಗೆ. ಸಭೆಯ ಸಾರಾಂಶವನ್ನು ಅಲ್ಲಿಯೇ ಜನರಿಗೆ ಅವರ ಭಾಷೆಯಲ್ಲಿ ಓದಿ ಹೇಳಬೇಕು, ಒಪ್ಪಿದ ನಡಾವಳಿಗೆ ಜಿಲ್ಲಾಧಿಕಾರಿ ಅಂದೇ ಸಹಿ ಹಾಕಬೇಕೆಂದು ಅಧಿಸೂಚನೆ ಹೇಳುತ್ತದೆ. ಓದುವುದನ್ನು ಕೇಳಿ, ಬಿಟ್ಟುಹೋದದ್ದನ್ನು ಸೇರಿಸಲು ಹೇಳುವ ಐದಾರು ಜನ ಕೊನೆಯವರೆಗೂ ಕೂರಲೇಬೇಕು. ಸಭೆ ನಡೆಸುವ ಅಧಿಕಾರಿಗಳಿಗೂ ಇಲ್ಲಿ ಒಂದು ಮಾತು: ಓದಿ ಹೇಳುವುದನ್ನು ಆತುರದಲ್ಲಿ ಮುಗಿಸಿದ ಸಭೆಯೇ ಮುಂದೆ ನ್ಯಾಯಾಲಯದ ಮೆಟ್ಟಿಲಲ್ಲಿ ಎಡವುತ್ತದೆ.

ಸಭೆಯ ನಂತರ

ನಡಾವಳಿಯನ್ನು ಪಂಚಾಯಿತಿ, ಜಿಲ್ಲಾಧಿಕಾರಿ ಮತ್ತು ಮಂಡಳಿಯ ಕಚೇರಿಗಳಲ್ಲಿ ಪ್ರದರ್ಶಿಸಬೇಕು, ಜಾಲತಾಣದಲ್ಲೂ ಹಾಕಬೇಕು. ಅದನ್ನು ನಿಮ್ಮ ಧ್ವನಿಮುದ್ರಣದೊಂದಿಗೆ ಹೋಲಿಸಿ, ತಪ್ಪಿದ್ದರೆ ನೇರವಾಗಿ ಅನುಮತಿ ಕೊಡುವ ಪ್ರಾಧಿಕಾರಕ್ಕೇ ಬರೆಯಿರಿ. ತಜ್ಞರ ಸಮಿತಿ ಯೋಜನೆಯನ್ನು ಕೈಗೆತ್ತಿಕೊಳ್ಳುವ ಸಭೆಯ ಕಾರ್ಯಸೂಚಿ ಮುಂಚಿತವಾಗಿ ಪ್ರಕಟವಾಗುವುದರಿಂದ, ಆ ಸಭೆಗೆ ಮುನ್ನ ಎರಡು ಪುಟ ಮೀರದ ಟಿಪ್ಪಣಿಯೊಂದನ್ನು ಕಳುಹಿಸುವುದು ಇಪ್ಪತ್ತು ಪುಟದ ಮನವಿಗಿಂತ ಹೆಚ್ಚು ಓದಿಸಿಕೊಳ್ಳುತ್ತದೆ.

ಅನುಮತಿ ಸಿಕ್ಕಿದರೆ ಅದರ ಷರತ್ತುಗಳನ್ನು ಪತ್ರಿಕೆಯಲ್ಲಿ ಪ್ರಕಟಿಸಿ ಪಂಚಾಯಿತಿಗೂ ಪ್ರತಿ ಕೊಡಬೇಕು. ಪಂಚಾಯಿತಿ ಅದನ್ನು ಮೂವತ್ತು ದಿನ ಸೂಚನಾ ಫಲಕದಲ್ಲಿ ಹಾಕಬೇಕು. ಮೇಲ್ಮನವಿಗೆ ಹಸಿರು ನ್ಯಾಯಮಂಡಳಿಯಲ್ಲಿ ಇರುವ ಅವಧಿ ಆದೇಶ ತಿಳಿಸಿದ ದಿನದಿಂದ ಮೂವತ್ತು ದಿನ, ಸಕಾರಣವಿದ್ದರೆ ಇನ್ನು ಅರವತ್ತು ದಿನ, ಅದರಾಚೆಗೆ ಬಾಗಿಲಿಲ್ಲ. ಕರ್ನಾಟಕದವರಿಗೆ ಚೆನ್ನೈನ ದಕ್ಷಿಣ ಪೀಠ. ಫಲಕದ ಮೇಲೆ ಪ್ರತಿ ಹಾಕಿದ ದಿನವನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ (ಪಿಡಿಒ) ಸಹಿಯೊಂದಿಗೆ ದಾಖಲಿಸಿಟ್ಟುಕೊಳ್ಳುವುದು ಇದಕ್ಕಾಗಿ. ಮೇಲ್ಮನವಿ ಬೇಡವೆಂದು ತೀರ್ಮಾನಿಸಿದರೂ ಕೆಲಸ ಮುಗಿಯುವುದಿಲ್ಲ: ಷರತ್ತುಗಳ ಪಾಲನೆಯ ವರದಿಯನ್ನು ಯೋಜನೆಯವರು ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ರಂದು ಸಲ್ಲಿಸಬೇಕು, ಅದು ಸಾರ್ವಜನಿಕ ದಾಖಲೆ.

ಇನ್ನು ಪುನರ್ವಸತಿ. ಶರಾವತಿ ಮುಳುಗಡೆಯ ಸಂತ್ರಸ್ತರಲ್ಲಿ ಅನೇಕರಿಗೆ ಕೊಟ್ಟ ಜಮೀನು ದಾಖಲೆಯಲ್ಲಿ ಅರಣ್ಯವಾಗಿಯೇ ಉಳಿದು, ಆರು ದಶಕವಾದರೂ ಹಕ್ಕುಪತ್ರದ ತಕರಾರು ತೀರಿಲ್ಲ. ಹೀಗಾಗಿ ಹೊಸ ಜಾಗ ತೋರಿಸಿದಾಗ ಮೊದಲು ಕೇಳಬೇಕಾದದ್ದು ಆ ಸರ್ವೆ ನಂಬರಿನ ಮೂಲ ಸ್ವರೂಪ ಯಾವುದು, ಅರಣ್ಯವಾಗಿದ್ದರೆ ಕೇಂದ್ರದ ಅನುಮತಿಯ ಆದೇಶ ಎಲ್ಲಿ ಎಂಬುದನ್ನು. 2013ರ ಕಾಯ್ದೆಯಡಿ ಕರಡು ಪುನರ್ವಸತಿ ಯೋಜನೆಯನ್ನು ಗ್ರಾಮಸಭೆಗಳಲ್ಲಿ ಚರ್ಚಿಸಿ ಪೀಡಿತ ಪ್ರದೇಶದಲ್ಲಿ ಆಲಿಕೆ ನಡೆಸಬೇಕು. ಒಂದು ಗ್ರಾಮಸಭೆಯ ಜಮೀನಿನಲ್ಲಿ ಶೇಕಡ 25ಕ್ಕಿಂತ ಹೆಚ್ಚು ಸ್ವಾಧೀನವಾಗುವುದಾದರೆ ಅಲ್ಲಿಯೇ ಪ್ರತ್ಯೇಕ ಆಲಿಕೆ. ನೀರಾವರಿ ಯೋಜನೆಯಲ್ಲಿ ಜಮೀನು ಕಳೆದುಕೊಂಡ ಕುಟುಂಬಕ್ಕೆ ಸಾಧ್ಯವಾದಮಟ್ಟಿಗೆ ಅಚ್ಚುಕಟ್ಟಿನಲ್ಲಿಯೇ ಕನಿಷ್ಠ ಒಂದು ಎಕರೆ ಕೊಡಬೇಕೆಂದೂ, ನೀರು ನಿಲ್ಲಿಸುವ ಆರು ತಿಂಗಳ ಮೊದಲೇ ಪುನರ್ವಸತಿ ಪೂರ್ಣಗೊಳ್ಳಬೇಕೆಂದೂ ಕಾಯ್ದೆ ಹೇಳುತ್ತದೆ. ಸ್ವಾಧೀನ ನೂರು ಎಕರೆ ಅಥವಾ ಹೆಚ್ಚಿದ್ದರೆ ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ಪುನರ್ವಸತಿ ಸಮಿತಿ ರಚನೆಯಾಗಬೇಕು, ಅದರಲ್ಲಿ ಪೀಡಿತ ಪ್ರದೇಶದ ಮಹಿಳೆಯರಿಗೂ ಪರಿಶಿಷ್ಟ ಜಾತಿ ಪಂಗಡಗಳಿಗೂ ಪಂಚಾಯಿತಿಗೂ ಸ್ಥಾನವಿದೆ. ಆಲಿಕೆಯ ನಡಾವಳಿಯಲ್ಲಿ ಯೋಜನೆಯವರು ‘ಮಾಡುತ್ತೇವೆ’ ಎಂದು ಒಪ್ಪಿದ ಪ್ರತಿಯೊಂದು ಸಾಲನ್ನೂ ಬೇರೆ ಹಾಳೆಗೆ ಇಳಿಸಿ, ಎದುರಿಗೆ ಗಡುವು ಮತ್ತು ಹೊಣೆಗಾರ ಇಲಾಖೆಯ ಹೆಸರಿಗೆ ಜಾಗ ಬಿಟ್ಟು, ಆ ಹಾಳೆಯನ್ನು ಸಮಿತಿಯ ಮೊದಲ ಸಭೆಯ ಕಾರ್ಯಸೂಚಿಗೆ ಸೇರಿಸುವಂತೆ ಸದಸ್ಯ ಪ್ರತಿನಿಧಿಗಳು ಲಿಖಿತವಾಗಿ ಕೇಳಬೇಕು.